ಒಂದು ಜ್ವರ, ಎರಡು ದೇಶ

ಬೆಂಕಿ ಜಾಸ್ತಿ

ಮಹಾರಾಷ್ಟ್ರದ ಅಂಬಡ್‌ನ ಹೋಟೆಲಿನಲ್ಲಿ ದೋಸೆ ಹುಯ್ಯುವವನಿಗೆ ಚಳಿಜ್ವರ ಬಂತು. ನಿವೃತ್ತಿಯಾದರೂ ಆರೋಗ್ಯ ಇಲಾಖೆ ನನ್ನನ್ನು ಬಿಟ್ಟಿಲ್ಲ. ಹೋಗಿ ರಕ್ತ ತೆಗೆದೆ. ಮಲೇರಿಯಾ. ಹದಿನಾಲ್ಕು ದಿನ ಮಾತ್ರೆ. ಒಂದು ದಿನವೂ ತಪ್ಪುವಂತಿಲ್ಲ. ತಪ್ಪಿದರೆ ಜ್ವರ ಮರಳಿ ಬರುತ್ತದೆ.

ಮಾಲಕರು ಕುಂದಾಪುರದವರು. "ಹದಿನಾಲ್ಕು ದಿನ ಯಾಕೆ ಮಾರಾಯ್ರೆ? ಎರಡು ಪಟ್ಟು ಕೊಟ್ಟು ಏಳು ದಿನಕ್ಕೆ ಮುಗಿಸಿ."

ನಾನು ಬೀದರಿನವ. "ಬೆಂಕಿ ಎರಡು ಪಟ್ಟು ಮಾಡಿದ್ರ ದೋಸೆ ಲಗೂ ಆಗ್ತದೇನ್ರಿ?"

"ಎಲ್ಲಿ ಆಗ್ತದೆ? ಕರಟಿ ಹೋಗ್ತದೆ."

"ಇವನೂ ಅಷ್ಟೇ."

ಬಾಯಿ ತೆರಿ

ದೋಸೆಯವನು ನೇಪಾಳದವನು. ಹನ್ನೆರಡು ವರ್ಷ ಮಾಲಕರ ಅಡುಗೆಮನೆಯಲ್ಲಿದ್ದು ಕುಂದಾಪುರದ ಕನ್ನಡ ಆಡುತ್ತಾನೆ. ಮಾಲಕರ ಮಗ ಮರಾಠಿ ಆಡುತ್ತಾನೆ.

ಐದನೆಯ ದಿನ ಹೋದೆ. ಆಸಾಮಿ ಇಲ್ಲ. ದಸರೆಗೆಂದು ಊರಿಗೆ ಬೆಳಿಗ್ಗೆಯೇ ರೈಲು ಹತ್ತಿದ್ದ. ಅವನ ಹಳ್ಳಿಯಲ್ಲಿ ಮಲೇರಿಯಾ ಅಳಿದು ವರ್ಷಗಳಾಗಿವೆ, ಸೊಳ್ಳೆಗಳು ಮಾತ್ರ ಉಳಿದಿವೆ. ಇವನು ಮಾತ್ರೆ ಬಿಟ್ಟರೆ ನಮ್ಮ ಜ್ವರ ಅಲ್ಲಿಗೆ ಹೊಸದಾಗಿ ಹೋಗುತ್ತದೆ. ವಿಡಿಯೊ ಕಾಲ್ ಮಾಡಿದೆ.

"ಮಾತ್ರೆ?"

"ನುಂಗಿದೆ ಸರ್."

"ಬಾಯಿ ತೆರಿ."

ತೆರೆದ. ನಾಲಿಗೆ ಎತ್ತಿಸಿ ನೋಡಿದೆ. ಪಕ್ಕದಲ್ಲಿ ಕೂತಿದ್ದ ಮುದುಕ ಫೋನು ಕಿತ್ತುಕೊಂಡ. "ಡಾಕ್ಟರ್ ಸಾಬ್, ನನ್ನ ದವಡೆ ಹಲ್ಲೂ ಒಮ್ಮೆ ನೋಡಿ."

ಭುಸಾವಳ ಸ್ಟೇಷನ್ ಬರುವಷ್ಟರಲ್ಲಿ ಐದು ಜನರ ಬಾಯಿ ನೋಡಿದ್ದೆ.

ಉತ್ತರಕ್ಕೆ

ಅವನ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯ ನಂಬರು ಹುಡುಕಿ ವಿಷಯ ಹೇಳಿಟ್ಟಿದ್ದೆ. ನವಮಿಯ ದಿನ ಆಕೆಯದೇ ವಿಡಿಯೊ ಕಾಲ್, ಹಿಂದಿಯಲ್ಲಿ. "ಚಾಚಾ, ಇವತ್ತು ಮಾತ್ರೆ ಮುಟ್ಟೋದಿಲ್ಲ ಅಂತಾನೆ. ನಾನು ಬೈದೂ ಆಯ್ತು."

ಫೋನು ಅವನಿಗೇ ಕೊಡಿಸಿದೆ. ಫೋನು ತಿರುಗಿಸಿ ತೋರಿಸಿದ. ಕುಡುಗೋಲು, ಸುತ್ತಿಗೆ, ಅವುಗಳ ನಡುವೆ ಮಾತ್ರೆಯ ಪಟ್ಟಿ. ಮೇಲೆ ಕುಂಕುಮ, ಚೆಂಡುಹೂ.

"ಆಯುಧಪೂಜೆಗೆ ಇಟ್ಟದ್ದು ಸರ್. ನಾಳೆವರೆಗೆ ಮುಟ್ಟಬಾರದು. ಧಣಿಗಳೇ ಕಲಿಸಿದ್ದು."

ಧಣಿಗಳ ಹತ್ತಿರ ಓಡಿದೆ. ಹೋಟೆಲಿಗೆ ರಜೆ. ಕಾವಲಿಗೂ ಕುಂಕುಮ. ಫೋನು ಕೈಗಿಟ್ಟೆ. ಮಾಲಕರು ಸ್ವಲ್ಪ ಯೋಚಿಸಿದರು.

"ಒಂದು ಹೂ ಹಾಕಿ ಕೈ ಮುಗಿ. ಪಟ್ಟಿಯನ್ನು ಒಂದಿಷ್ಟು ಉತ್ತರಕ್ಕೆ ಸರಿಸು. ಪೂಜೆ ವಿಸರ್ಜನೆ ಆದ ಹಾಗೆ. ಇನ್ನು ನುಂಗು."

ಸರಿಸಿದ. ನುಂಗಿದ. ಕಾರ್ಯಕರ್ತೆ ಬಾಯಿ ತೆರೆಸಿ ನೋಡಿದಳು.

ಮಾಲಕರು ಕಾವಲಿಯನ್ನೇ ನೋಡುತ್ತ ಕೂತರು. "ಇದು ಮೊದಲೇ ಹೊಳೆದಿದ್ರೆ ಹನ್ನೆರಡು ನವಮಿ ಹೋಟೆಲ್ ಮುಚ್ಚುತ್ತಿರಲಿಲ್ಲ ಮಾರಾಯ್ರೆ."

ಯಾರವನು?

ಹದಿನಾಲ್ಕೂ ಮುಗಿಸಿ ಬಂದ. ಕೊನೆಯ ರಕ್ತಪರೀಕ್ಷೆ ಬಾಕಿ. ಅದೇ ವೇಳೆಗೆ ಸಂಭಾಜಿನಗರದಲ್ಲಿ, ಅಂದರೆ ಹಳೆಯ ಔರಂಗಾಬಾದಿನಲ್ಲಿ, ಎರಡೂ ದೇಶದ ಮಲೇರಿಯಾ ಅಧಿಕಾರಿಗಳ ಸಭೆ. ರೋಗಿಯನ್ನೂ ಕರೆತರಲು ಹೇಳಿದರು. ದೋಸೆಯವನು ಕೈಬಿಟ್ಟು ಹೋದಾನೆಂದು ಮಾಲಕರೂ ಬಂದರು. ಅಲ್ಲೇ ರಕ್ತ ತೆಗೆದು ಲ್ಯಾಬಿಗೆ ಕಳಿಸಿದೆ.

ಮಲೇರಿಯಾ ಅಳಿಸುತ್ತೇವೆಂದು ಎರಡೂ ದೇಶ ಪಣ ತೊಟ್ಟಿವೆ. ಯಾರ ಪಟ್ಟಿಗೂ ಒಬ್ಬ ರೋಗಿ ಹೆಚ್ಚಾಗುವುದು ಬೇಡ.

"ನಿಮ್ಮ ಪ್ರಜೆ. ನೀವು ಬರೆದುಕೊಳ್ಳಿ," ಅಂದರು ನಮ್ಮವರು.

"ಕಚ್ಚಿದ್ದು ನಿಮ್ಮ ಸೊಳ್ಳೆ. ನೀವೇ ಇಟ್ಟುಕೊಳ್ಳಿ," ಅಂದರು ನೇಪಾಳದವರು.

ಚಹಾ ಬಂತು, ತಣ್ಣಗಾಯಿತು. ದೋಸೆಯವನ ಮುಖ ಸಣ್ಣದಾಯಿತು. ನನ್ನ ಕಿವಿಯಲ್ಲಿ, "ನಾನು ಯಾರಿಗೂ ಬೇಡ್ವಾ ಸರ್?"

ಮಾಲಕರು ಹಿಂದಿನ ಸಾಲಿನಿಂದ ಕೂಗಿದರು. "ನನಗೆ ಬೇಕು! ನಾಲ್ಕು ಗಂಟೆಗೆ ಬಸ್ಸುಂಟು!"

ಲ್ಯಾಬಿನಿಂದ ಚೀಟಿ ಬಂತು. ಎದ್ದು ಓದಿದೆ. ರಕ್ತದಲ್ಲಿ ಏನೂ ಇಲ್ಲ. ಹಳ್ಳಿಯಿಂದಲೂ ಸುದ್ದಿ ಬಂದಿತ್ತು, ಅಲ್ಲಿ ಯಾರಿಗೂ ಜ್ವರವಿಲ್ಲ.

"ನಮ್ಮ ಚಿಕಿತ್ಸೆ!" ನಮ್ಮವರು ಅವನ ಬಲಭುಜ ಹಿಡಿದರು.

"ನಮ್ಮ ನಾಗರಿಕ!" ಅವರು ಎಡಭುಜ ಹಿಡಿದರು.

ಫೋಟೊದವನು ಬಂದ. ಯಾವ ಧ್ವಜ ಬಲಕ್ಕಿರಬೇಕೆಂದು ಮತ್ತೆ ಚರ್ಚೆ ಹತ್ತಿತು. ಅದು ಮುಗಿಯುವಷ್ಟರಲ್ಲಿ ನಡುವೆ ನಿಲ್ಲಬೇಕಾದವನು ಇರಲಿಲ್ಲ. ಮಾಲಕರು ನಾಲ್ಕರ ಬಸ್ಸಿಗೆ ಹತ್ತಿಸಿದ್ದರು.

ಫೋಟೊದಲ್ಲಿ ಎರಡು ಧ್ವಜ, ಇಬ್ಬರು ಅಧಿಕಾರಿಗಳು, ನಡುವೆ ನಾನು.