ಕಡುನೀಲಿ ಸೆಡಾನ್

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಒಂದು ಸೆಡಾನ್ ಕಾರು ಬೇಕಾಗಿತ್ತು. ಈ ಮಾತನ್ನು ಹೆಂಡತಿಯ ಕಿವಿಯಲ್ಲಷ್ಟೇ ಹೇಳಿ ಸುಮ್ಮನಾಗಿದ್ದರೆ ಆ ಭಾನುವಾರ ನೆಟ್ಟಗೆ ಕಳೆಯುತ್ತಿತ್ತು. ಅವರು ಮೆಟ್ಟಿಲ ಬಳಿ ನಿಂತು ಹೇಳಿದರು. ಮೆಟ್ಟಿಲಿಗೆ ಕಿವಿ ಇರಲಿಲ್ಲ, ಮೆಟ್ಟಿಲ ಮೇಲಿನ ಮನೆಯ ವಕೀಲರಿಗೆ ಇತ್ತು.

“ಸೆಡಾನ್ ಅಂದ್ರೆ ಯಾವುದ್ರೀ?” ಎಂದರು ಹೆಂಡತಿ.

“ಹಿಂದೆ ಡಿಕ್ಕಿ ಇರೋ ಕಾರು.”

“ಡಿಕ್ಕಿಯಾಗಿರೋ ಕಾರನ್ನ ಯಾಕೆ ತಗೋತೀರಿ ಮೇಷ್ಟ್ರೇ?” ಎಂದು ಮೇಲಿನಿಂದ ಧ್ವನಿ ಬಂತು. “ಸ್ವಲ್ಪ ತಡೀರಿ, ನಾನೂ ಬರ್ತೀನಿ.”

ವಕೀಲರು ಬಂದ ಮೇಲೆ ಸ್ವಂತ ತಮ್ಮನನ್ನು ಬಿಟ್ಟು ಹೋಗುವುದು ಹೇಗೆಂದು ಹೆಂಡತಿ ಫೋನು ಮಾಡಿದರು. ಹಾಸಿಗೆ ಅಂಗಡಿ ಇಟ್ಟಿದ್ದ ಭಾವಮೈದ ಆಕಳಿಸುತ್ತಲೇ ಬಂದ.

ಮೇಷ್ಟ್ರ ಆಸೆ ಇವತ್ತಿನದಲ್ಲ. ವರ್ಷಾನುಗಟ್ಟಲೆ ಅವರು ಸ್ಕೂಲಿನ ಗಿಡ್ಡ ಕಾರಿನಲ್ಲಿ ಪಕ್ಕದ ಸೀಟಿಗೆ ಅಂಟಿಕೊಂಡು, “ಕ್ಲಚ್ ಬಿಡಮ್ಮ, ಮೆಲ್ಲಗೆ, ಮೆಲ್ಲಗೆ” ಎಂದು ಜಪ ಮಾಡುತ್ತ ಬಂದವರು. ಊರಿಗೆಲ್ಲ ಚಪ್ಪಲಿ ಹೊಲಿದುಕೊಟ್ಟವನು ತಾನು ಬರಿಗಾಲಲ್ಲಿ ನಡೆದ ಹಾಗೆ, ಸಂಜೆ ಬಸ್ಸಿಗೆ ಜೋತುಬಿದ್ದು ಮನೆಗೆ ಬರುತ್ತಿದ್ದರು. ಕಲಿತವರು ತಮ್ಮ ತಮ್ಮ ಕಾರುಗಳಲ್ಲಿ ಆ ಬಸ್ಸನ್ನು ಹಿಂದೆ ಹಾಕಿ ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದರು. ತಮ್ಮದೇ ಒಂದು ಕಾರು, ಉದ್ದ ಮೂಗಿನದು, ಬಾಗಿಲು ಮುಚ್ಚಿದರೆ ಹೊರಗಿನ ಸದ್ದು ಒಳಗೆ ಬಾರದಂಥದ್ದು. ಪಕ್ಕದಲ್ಲಿ ಹೆಂಡತಿ ಮಾತ್ರ. ಊರು ದಾಟಿದ ಮೇಲೆ ಕಿಟಕಿ ಇಳಿಸಿ, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಹೋಗಬೇಕು. ಹಾಗೆ ಹಿಡಿದವರನ್ನೆಲ್ಲ ಅವರು ಬೈದಿದ್ದರು, ಬೈಯುವಾಗಲೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದರು.

ಮೊದಲ ಶೋರೂಮಿನಲ್ಲಿ ಬೆಳ್ಳಿ ಬಣ್ಣದ ಸೆಡಾನ್ ಇತ್ತು. ಮೇಷ್ಟ್ರು ಬಾನೆಟ್ಟನ್ನು ಎಳೆಗೂಸಿನ ತಲೆಯಂತೆ ಸವರುತ್ತಿದ್ದಾಗ ವಕೀಲರು ಸೇಲ್ಸ್‌ನವನನ್ನು ಹಿಡಿದುಕೊಂಡರು.

“ಅಪಘಾತವಾದ್ರೆ ಏರ್‌ಬ್ಯಾಗ್ ತೆರ್ಕೊಳ್ಳತ್ತೆ ಅಂತೀರಿ. ತೆರೆದದ್ದನ್ನ ನೀವು ಕಣ್ಣಾರೆ ನೋಡಿದ್ದೀರಾ? ಹೌದು, ಇಲ್ಲ, ಅಷ್ಟೇ ಹೇಳಿ.”

“ಇಲ್ಲ ಸಾರ್.”

“ಹಾಗಾದ್ರೆ ಅದು ಬರೀ ಕೇಳಿದ ಮಾತು.”

ಅಷ್ಟರಲ್ಲಿ ಭಾವಮೈದ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿದ್ದ. “ಸ್ಪಂಜು ಸರಿಯಿಲ್ಲ ಭಾವ. ಸ್ವಲ್ಪ ದಿನಕ್ಕೆ ಕುಸಿಯತ್ತೆ,” ಎಂದವನು, ಪರೀಕ್ಷೆ ಪೂರ್ತಿಯಾಗಲೆಂದು ಕಣ್ಣು ಮುಚ್ಚಿದ. ಅವನನ್ನು ಎಬ್ಬಿಸುವುದರಲ್ಲೇ ಎಲ್ಲರ ಉತ್ಸಾಹ ಇಳಿಯಿತು.

ಎರಡನೆಯದು ಬಿಳಿ ಕಾರು. “ಆಸ್ಪತ್ರೆ ಗಾಡಿ ಇದ್ದ ಹಾಗಿದೆ, ನೋಡಿದ್ರೇ ಜ್ವರ ಬರತ್ತೆ,” ಎಂದರು ಹೆಂಡತಿ. ಆದರೂ ಒಂದು ಸುತ್ತು ಓಡಿಸಿ ನೋಡೋಣವೆಂದು ಹೊರಟ ಮೇಷ್ಟ್ರು, ಅಭ್ಯಾಸಬಲದಿಂದ ಪಕ್ಕದ ಬಾಗಿಲು ತೆಗೆದು ಕೂತು ಬೆಲ್ಟು ಹಾಕಿಕೊಂಡುಬಿಟ್ಟರು. ಖಾಲಿ ಉಳಿದ ಸ್ಟೇರಿಂಗಿನ ಮುಂದೆ ವಕೀಲರು ವಿರಾಜಮಾನರಾದರು. ಅವರಿಗೆ ಕಾರಿನಲ್ಲಿ ಬರುತ್ತಿದ್ದುದು ಹಾರ್ನ್ ಒಂದೇ. ಅದನ್ನು ಮನಸಾರೆ ಬಾರಿಸಿದರು. ಶೋರೂಮಿನವರು ಕೀಲಿ ವಾಪಸ್ ಇಸಿದುಕೊಂಡು ಮುಗುಳ್ನಗುತ್ತ ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ಮೂರನೆಯ ಶೋರೂಮಿನಲ್ಲಿ ಕಡುನೀಲಿ ಕಾರು ಗಾಜಿನ ಹಿಂದೆ, ಯಾರಿಗೋ ಕಾದು ನಿಂತಂತೆ ನಿಂತಿತ್ತು. ಮೇಷ್ಟ್ರು ಈ ಬಾರಿ ಎಚ್ಚರದಿಂದ ಸರಿಯಾದ ಬಾಗಿಲನ್ನೇ ತೆಗೆದು ಕೂತರು. ಸ್ಟೇರಿಂಗ್ ಕೈಗೆ ತಣ್ಣಗೆ ಹತ್ತಿತು. ಬಾಗಿಲು ‘ದಬ್’ ಎನ್ನದೆ ‘ಹೂಂ’ ಎಂದು ಮುಚ್ಚಿಕೊಂಡಿತು. ಹೊರಗೆ ವಕೀಲರ ಬಾಯಿ ಆಡುತ್ತಿತ್ತು, ಒಳಗೆ ಒಂದಕ್ಷರ ಕೇಳಿಸಲಿಲ್ಲ. ಇದಕ್ಕಿಂತ ಹೆಚ್ಚಿನದನ್ನು ಒಂದು ಕಾರಿನಿಂದ ಬಯಸುವುದು ಅತಿಯಾಸೆ ಎನಿಸಿತು.

ಹೆಂಡತಿ ಕಿಟಕಿಯ ಹತ್ತಿರ ಬಗ್ಗಿ ನೋಡಿದರು. “ನಿಮಗೆ ಒಪ್ಪತ್ತೆ ರೀ. ಇದನ್ನೇ ತಗೊಳ್ಳಿ,” ಎಂದು ಮೆಲ್ಲಗೆ ಹೇಳಿದರು.

ಶೋರೂಮಿನ ಹುಡುಗಿಯೊಬ್ಬಳು ಆಗಿನಿಂದ ಮೇಷ್ಟ್ರನ್ನೇ ನೋಡಿ ನಗುತ್ತಿದ್ದಳು. ವ್ಯಾಪಾರದ ನಗು ಇರಬೇಕೆಂದು ಅವರೂ ನಕ್ಕರು.

“ಈ ಬಣ್ಣದ್ದು ಇದೊಂದೇ ಉಳಿದಿರೋದು ಸಾರ್. ಟೆಸ್ಟ್ ಡ್ರೈವ್ ಗಾಡಿ ರಿಪೇರಿಗೆ ಹೋಗಿದೆ. ಪರವಾಗಿಲ್ಲ, ನಿಮಗೋಸ್ಕರ ಇದನ್ನೇ ಹೊರಗೆ ತೆಗೀತೀನಿ. ಗೇಟ್ ದಾಟೋವರೆಗೆ ನಾವೇ ಓಡಿಸ್ಬೇಕು, ಅದು ಇಲ್ಲಿನ ನಿಯಮ. ಆಮೇಲೆ ನೀವೇ ಓಡಿಸಿ.”

ಇಷ್ಟು ವರ್ಷ ಕಾದವರಿಗೆ ಗೇಟಿನವರೆಗೆ ಕಾಯುವುದು ದೊಡ್ಡದಲ್ಲ. ಮೇಷ್ಟ್ರು ಇಳಿದು ಪಕ್ಕಕ್ಕೆ ಬಂದು ಕೂತರು. ಹುಡುಗಿ ಬೆಲ್ಟು ಹಾಕಿದಳು, ಕನ್ನಡಿ ಸರಿಮಾಡಿದಳು, ಇಂಡಿಕೇಟರ್ ಹಾಕಿದಳು. ಶಿಸ್ತು ಕಂಡು ಮೇಷ್ಟ್ರಿಗೆ ಮೆಚ್ಚುಗೆಯಾಯಿತು. ನಂತರ ಅವಳು ರಿವರ್ಸ್ ಹಾಕಿದಳು.

ಕಾರು ಏಡಿಯಂತೆ ಓರೆಯಾಗಿ ಹಿಂದಕ್ಕೆ ಹೊರಟಿತು. “ಬ್ರೇಕ್, ಬ್ರೇಕ್,” ಎಂದರು ಮೇಷ್ಟ್ರು. ಕಾರು ಶೋರೂಮಿನ ತೆರೆದ ಬಾಗಿಲನ್ನು ಹೇಗೋ ದಾಟಿ, ಅಂಗಳದ ದೀಪದ ಕಂಬವನ್ನು ಹುಡುಕಿಕೊಂಡು ಹೋಗಿ ಸೇರಿತು. ಹೊಸ ಕಾರಿನ ಹಿಂಭಾಗ ಹಿಂಡಿದ ಬಟ್ಟೆಯ ಹಾಗೆ ಮುದುಡಿತು.

ಮ್ಯಾನೇಜರ್ ಓಡಿ ಬಂದರು. ಅವರಿಗಿಂತ ಮೊದಲು ಮೇಷ್ಟ್ರು ಕೆಳಗಿಳಿದಿದ್ದರು. ಹುಡುಗಿಯ ಕಡೆ ತಿರುಗಿ ಗುಡುಗಿದರು.

“ಯಾವ ಪುಣ್ಯಾತ್ಮ ನಿನಗೆ ಕಾರು ಕಲಿಸಿದ್ದು? ಯಾರು ಅಂತ ಹೇಳು. ಅವನ ಸ್ಕೂಲಿಗೆ ಬೀಗ ಹಾಕಿಸ್ಬೇಕು.”

“ಹೇಳಮ್ಮ,” ಎಂದರು ವಕೀಲರು ಪೆನ್ನು ತೆಗೆಯುತ್ತ. “ಇವತ್ತೇ ನೋಟಿಸ್ ಕಳಿಸ್ತೀನಿ.”

ಹುಡುಗಿ ತಲೆ ತಗ್ಗಿಸಿ, “ನೀವೇ ಸಾರ್,” ಎಂದಳು.

ವಕೀಲರು ಪೆನ್ನಿನ ಮುಚ್ಚಳ ಹಾಕಿದರು.

“ಮುಂದಕ್ಕೆ ಚೆನ್ನಾಗೇ ಓಡಿಸ್ತೀನಿ ಸಾರ್. ರಿವರ್ಸ್ ಕ್ಲಾಸು ಬಂದಾಗಲೆಲ್ಲ ನೀವು ಇಲ್ಲೇ ಎದುರಿಗೆ ಗಾಡಿ ನಿಲ್ಸೋಕೆ ಹೇಳ್ತಿದ್ರಿ. ಆ ಗಾಜಿನ ಕಡೆ ನೋಡ್ತಾ ಕೂತ್ಬಿಡ್ತಿದ್ರಿ. ನಾನು ಕೇಳಿದ್ರೆ, ರಿವರ್ಸ್ ನಾಳೆ ನೋಡೋಣಮ್ಮ ಅಂತಿದ್ರಿ. ದಿನಾ ನಿಮ್ಮ ಜೊತೆ ಈ ಶೋರೂಮನ್ನ ನೋಡಿ ನೋಡಿ, ಕೆಲಸ ಅಂತ ಮಾಡಿದ್ರೆ ಇಲ್ಲೇ ಮಾಡ್ಬೇಕು ಅನ್ನಿಸ್ಬಿಡ್ತು ನನಗೆ.”

ಮ್ಯಾನೇಜರ್ ಹುಡುಗಿಯ ಕಡೆ ತಿರುಗಿ, “ನೀನು ನಾಳೆಯಿಂದ ಬರೋದು ಬೇಡ,” ಎಂದರು.

“ಅವಳನ್ನ ಬಿಡಿಸ್ಬೇಡಿ ಸ್ವಾಮಿ,” ಎಂದರು ಮೇಷ್ಟ್ರು. ಧ್ವನಿ ಇಳಿದುಹೋಗಿತ್ತು. “ಬಾಕಿ ಇರೋದನ್ನ ನಾನು ಕಲಿಸ್ತೀನಿ.”

ವಕೀಲರು ಇಂಥ ಸಂದರ್ಭವನ್ನು ಕೈಬಿಡುವವರಲ್ಲ. ಸ್ಥಳದಲ್ಲೇ ರಾಜಿ ಮಾಡಿಸಿದರು: ಹುಡುಗಿಯ ಕೆಲಸ ಉಳಿಯುವುದು, ಮೇಷ್ಟ್ರು ಭಾನುವಾರಗಳಲ್ಲಿ ಬಂದು ಅವಳಿಗೂ ಶೋರೂಮಿನ ಉಳಿದವರಿಗೂ ರಿವರ್ಸ್ ಕಲಿಸುವುದು. ತಮ್ಮ ಕಕ್ಷಿದಾರರಿಗೆ ಇರುವುದು ಅದೊಂದೇ ರಜೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಹೊರಡುವಾಗ ಮೇಷ್ಟ್ರು ಹಿಂದೆ ಉಳಿದರು. “ಅಮ್ಮಾ, ಈ ಬಣ್ಣದ್ದು ಇನ್ನೊಂದು ಬರತ್ತಾ?”

“ಇಲ್ಲ ಸಾರ್, ಕಂಪನಿಯವರು ಈ ಬಣ್ಣ ನಿಲ್ಲಿಸಿಬಿಟ್ರು.” ಅವರ ಮುಖ ನೋಡಿ ಹುಡುಗಿಗೆ ಪಾಪ ಅನ್ನಿಸಿತು. “ಬೇಜಾರು ಮಾಡ್ಕೋಬೇಡಿ. ಇದನ್ನ ಸರಿಮಾಡಿಸಿ ನಮ್ಮ ಟ್ರೈನಿಂಗಿಗೇ ಇಟ್ಕೋತಾರಂತೆ. ಭಾನುವಾರ ಪೂರ್ತಿ ನೀವು ಇದರಲ್ಲೇ ಇರ್ತೀರಿ.”

“ಇದರಲ್ಲೇ?” ಮೇಷ್ಟ್ರ ಕಣ್ಣು ಹೊಳೆಯಿತು.

“ಹೂಂ ಸಾರ್. ಮ್ಯಾನೇಜರ್ ಆಗಲೇ ಹೇಳಿದ್ರು, ಪಕ್ಕದ ಸೀಟಿಗೂ ನಿಮಗೊಂದು ಬ್ರೇಕ್ ಹಾಕಿಸ್ತಾರಂತೆ.”