ಶಾಲಿನೊಳಗಿನ ಒಪ್ಪಂದ

ಎಲ್ಲಾ ರಾದ್ಧಾಂತಕ್ಕೂ ಕಾರಣ ಅರ್ಜಿಯಲ್ಲಿದ್ದ ಒಂದು ಖಾಲಿ ಗೆರೆ.

ರಾಯಚೂರಿನ ವರ್ತಕರು ಸೇರಿ ಕಟ್ಟಿದ ವ್ಯಾಪಾರ ನೀತಿ ಅಧ್ಯಯನ ಕೇಂದ್ರಕ್ಕೂ ನೈರೋಬಿಯ ಒಂದು ಸಂಸ್ಥೆಗೂ ಒಪ್ಪಂದವಾಗುವುದಿತ್ತು. ಯಾವುದೋ ದೇಶದವರು ಸುಂಕ ಏರಿಸಿದರೆ ನಮ್ಮ ಹತ್ತಿಯ ಧಾರಣೆ ಯಾಕೆ ಬೀಳುತ್ತದೆ ಎಂಬುದನ್ನು ಊರಿನವರೇ ಬಿಡಿಸಿ ಹೇಳುವಂತಾಗಬೇಕು, ಅದಕ್ಕೆ ಎರಡೂ ದೇಶದವರು ಕೂಡಿ ಜನರನ್ನು ತಯಾರು ಮಾಡಬೇಕು ಎಂಬುದು ಯೋಜನೆ. ಅದಕ್ಕಾಗಿ ನೈರೋಬಿಗೆ ಕಳಿಸಬೇಕಿದ್ದ ಅರ್ಜಿಯಲ್ಲಿ ‘ಸ್ಥಳೀಯ ಪರಿಣತರ ಹೆಸರು’ ಎಂಬ ಗೆರೆಯೊಂದಿತ್ತು. ಕೇಂದ್ರದಲ್ಲಿ ಕುರ್ಚಿಗಳಿದ್ದವು, ಫ್ಯಾನುಗಳಿದ್ದವು, ಪರಿಣತರು ಮಾತ್ರ ಇರಲಿಲ್ಲ. ಕಡೆಯ ದಿನ, ಸಂಜೆ ಐದಕ್ಕೆ ಐದು ನಿಮಿಷ ಇರುವಾಗ ಕಾರ್ಯದರ್ಶಿ ಹಂಪಯ್ಯನವರು ತಲೆ ಎತ್ತಿ ನೋಡಿದರು. ಎದುರಿಗೆ ಗುಮಾಸ್ತ ಬಂದೇನವಾಜ್ ಚಹಾ ಹಿಡಿದು ನಿಂತಿದ್ದ. ಅವನ ಹೆಸರನ್ನೇ ಬರೆದು, ‘ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷದ ಅನುಭವ’ ಎಂದು ಸೇರಿಸಿ ಕಳಿಸಿಬಿಟ್ಟರು.

ಅದೇನು ಸುಳ್ಳಲ್ಲ. ಬಂದೇನವಾಜ್ ದೇವದುರ್ಗದ ದನದ ಸಂತೆಯಲ್ಲಿ ಇಪ್ಪತ್ತು ವರ್ಷ ಕೊಳ್ಳುವವರ ಕಡೆಯ ದಲಾಲಿಯಾಗಿದ್ದವನೇ. ಒಂದು ಹೋರಿ ಅವನ ಮೊಣಕಾಲು ಮುರಿದ ಮೇಲೆ ಕೇಂದ್ರದ ಗುಮಾಸ್ತನಾದ. ಕೆಲಸ ಮಾತ್ರ ಕಾಯಂ ಅಲ್ಲ, ವರ್ಷ ವರ್ಷ ಹೊಸ ಆರ್ಡರು ಬರಬೇಕು. ಮಾರ್ಚ್ ಬಂತೆಂದರೆ ಅವನ ಹೆಂಡತಿ ತಹಮೀನಾಗೆ ಅನ್ನ ಸೇರುತ್ತಿರಲಿಲ್ಲ. ಒಪ್ಪಂದವಾದರೆ ಅವನನ್ನು ಕಾಯಂ ಮಾಡಿಸುವ ಭಾರ ತಮ್ಮದು ಎಂದು ಹಂಪಯ್ಯ ಮಾತು ಕೊಟ್ಟಿದ್ದರು. ಆಗದಿದ್ದರೆ ಕೇಂದ್ರದ ಬಾಗಿಲಿಗೆ ಬೀಗ, ಇವನ ಹೊಟ್ಟೆಗೂ ಬೀಗ.

ನೈರೋಬಿಯವರು ಅರ್ಜಿ ಮೆಚ್ಚಿಕೊಂಡರು. ಪರಿಣತರನ್ನು ಕಣ್ಣಾರೆ ನೋಡಿಯೇ ಸಹಿ ಹಾಕುತ್ತೇವೆ ಎಂದು ಡಾಕ್ಟರ್ ಅಬ್ದಿ ಎಂಬುವರನ್ನು ಕಳಿಸಿಯೂಬಿಟ್ಟರು. ಅವರು ಬರುವ ದಿನ ಬೆಳಿಗ್ಗೆಯೇ ಹಂಪಯ್ಯ ಫೋನು ಮಾಡಿ ವಿಷಯ ತಿಳಿಸಿದರು. ಬಂದೇನವಾಜ್ ಫೋನಿನಲ್ಲೇ ಅಂಗಲಾಚಿದ.

"ಸಾಹೇಬ್ರ, ನನಗ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಾಕ ಬರ್ತದ. ವ್ಯಾಪಾರ ನೀತಿ ಬಗ್ಗಿ ಏನ್ ಹೇಳ್ಲಿ?"

"ನೀ ಏನೂ ಹೇಳಬ್ಯಾಡ. ಮಾರಿ ಗಂಟು ಹಾಕ್ಕೊಂಡು ಸುಮ್ಮ ಕುಂದ್ರು. ದೊಡ್ಡ ಪರಿಣತರು ಹಂಗ ಇರ್ತಾರ."

ಹತ್ತು ನಿಮಿಷದಲ್ಲಿ ಸುದ್ದಿ ಇಡೀ ಓಣಿಗೆ ಗೊತ್ತಾಯಿತು. ಆಚೆ ಮನೆಯ ಗದ್ದೆಪ್ಪ ತನ್ನ ಮದುವೆಯ ಕೋಟು ತಂದು ಬಲವಂತದಿಂದ ತೊಡಿಸಿದ. ಗುಂಡಿ ಹಾಕಿದರೆ ಉಸಿರು ನಿಲ್ಲುತ್ತಿತ್ತು, ಬಿಚ್ಚಿದರೆ ಹರಿದ ಅಸ್ತರು ಕಾಣುತ್ತಿತ್ತು. ಈಚೆ ಮನೆಯ ಅಮರಮ್ಮ ಮಗಳ ಬಿ.ಎ. ನೋಟ್ಸು ತಂದು, ಸುಂಕದ ಪಾಠ ನಾಲ್ಕೇ ಪುಟ, ಸ್ನಾನಕ್ಕೆ ನೀರು ಕಾಯುವುದರೊಳಗೆ ಬಾಯಿಪಾಠವಾಗುತ್ತದೆ ಎಂದು ಧೈರ್ಯ ಹೇಳಿದಳು. ಇವನು ಒಂದು ಪುಟ ಓದಿದ. ಓದುವ ಮೊದಲು ತಿಳಿದಿದ್ದ ಅಷ್ಟಿಷ್ಟೂ ಕಲಸಿಹೋಯಿತು.

ಕೊನೆಗೆ ಹಿತ್ತಲ ಬಾಗಿಲಿನಿಂದ ಪಾರಾಗಿ ಬಸ್ ಸ್ಟ್ಯಾಂಡು ಸೇರಿದ. ಮಾನ್ವಿಯಲ್ಲಿ ಅಕ್ಕನ ಮನೆಯಿತ್ತು. ಎರಡು ದಿನ ಅಲ್ಲಿ ತಲೆಮರೆಸಿಕೊಂಡರೆ ಆಫ್ರಿಕಾದವರು ತಮ್ಮ ಪಾಡಿಗೆ ತಾವು ಹೋಗುತ್ತಾರೆ ಎಂಬ ಲೆಕ್ಕಾಚಾರ. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಇನ್ನೇನು ಕಣ್ಣು ಮುಚ್ಚಬೇಕು, ಹಂಪಯ್ಯನವರು ಹೆಗಲ ಮೇಲೆ ಕೈ ಇಟ್ಟರು. ಪಾಪ, ಕಾರು ಕಳಿಸದೆ ಪರಿಣತರನ್ನು ಬಸ್ಸಿಗೆ ಅಟ್ಟಿದಿರಲ್ಲ ಎಂದು, ಇವನು ಬಸ್ ಸ್ಟ್ಯಾಂಡಿನ ದಾರಿ ಹಿಡಿದದ್ದನ್ನು ಕಂಡ ಅಮರಮ್ಮನೇ ಅವರಿಗೆ ಫೋನು ಮಾಡಿ ಜಗಳ ತೆಗೆದಿದ್ದಳಂತೆ. ಒಳ್ಳೆಯ ನೆರೆಹೊರೆ ಪಡೆಯಲು ಪುಣ್ಯ ಬೇಕು ನೋಡಿ.

ಕೇಂದ್ರದಲ್ಲಿ ಕಾದಿದ್ದ ಡಾಕ್ಟರ್ ಅಬ್ದಿ ಆರಡಿ ಎತ್ತರದ ಆಸಾಮಿ, ಮೆಲುಮಾತಿನವರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಲು ಕಾಲೇಜಿನ ಅರ್ಥಶಾಸ್ತ್ರದ ಮೇಡಂ ಮೌನೇಶ್ವರಿ ಕೂತಿದ್ದಳು. ಮೊದಲ ಪ್ರಶ್ನೆಯೇ ಎದೆಗೆ ನಾಟಿತು: ಹೊರಗಿನ ಹತ್ತಿಯ ಮೇಲಿನ ಸುಂಕ ತೆಗೆದರೆ ಇಲ್ಲಿ ಯಾರಿಗೆ ಲಾಭ, ಯಾರಿಗೆ ಲುಕ್ಸಾನು?

ಬಂದೇನವಾಜ್ ಕನ್ನಡಕ ತೆಗೆದು ಒರೆಸಿದ. ಮತ್ತೆ ಒರೆಸಿದ. ಗಾಜಿನಲ್ಲಿ ಒರೆಸಲು ಏನೂ ಉಳಿಯದಾದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಮೊದ್ಲ ಸಂತಿ ನೋಡೂಣ್ರಿ. ಸಂತಿ ನೋಡ್ದೆ ಮಾತಾಡಬಾರ್ದು."

ಮೌನೇಶ್ವರಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಅಬ್ದಿಯವರ ಕಣ್ಣು ಅರಳಿದವು. ಇಪ್ಪತ್ತು ದೇಶ ಸುತ್ತಿದೆ, ಇಂಥ ಮಾತು ಹೇಳಿದ ಪರಿಣತ ಇವನೊಬ್ಬನೇ ಎಂದು ವಹಿಯಲ್ಲಿ ಬರೆದುಕೊಂಡು ಎದ್ದೇಬಿಟ್ಟರು. ದೇವದುರ್ಗದಲ್ಲಿ ಅವತ್ತೇ ಸಂತೆ. ಕಾರು ಹೊರಟಿತು.

ದನಗಳ ನಡುವೆ ಕಾಲಿಟ್ಟ ಕೂಡಲೇ ಬಂದೇನವಾಜನ ಬೆನ್ನು ನೆಟ್ಟಗಾಯಿತು. ಹಲ್ಲು ತೋರಿಸಿದ, ಸುಳಿ ತೋರಿಸಿದ, ನಡಿಗೆಯ ಐಬು ತೋರಿಸಿದ. ಒಂದು ಕಡೆ ಇಬ್ಬರು ದಲಾಲಿಗಳು ಟವೆಲ್ಲಿನ ಕೆಳಗೆ ಕೈ ಸೇರಿಸಿ ಸುಮ್ಮನೆ ನಿಂತಿದ್ದರು. ಇದು ಇಲ್ಲಿನ ಪದ್ಧತಿ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ನೂರೋ ಸಾವಿರವೋ ಎಂಬುದು ಎದುರಿಗೆ ನಿಂತ ದನ ನೋಡಿದರೆ ತಿಳಿಯುತ್ತದೆ. ಸುತ್ತ ನಿಂತವರಿಗೆ ಧಾರಣೆಯ ಸುಳಿವೂ ಸಿಗುವುದಿಲ್ಲ.

ಅಬ್ದಿ ಅಲ್ಲೇ ನಿಂತುಬಿಟ್ಟರು. ಅವರ ತಂದೆಯೂ ಒಂಟೆ ಸಂತೆಯಲ್ಲಿ ದಲಾಲಿಯಂತೆ. ಅಲ್ಲೂ ಬಟ್ಟೆಯ ಕೆಳಗೆ ಇದೇ ಬೆರಳು, ಇದೇ ಮೌನ. ಹೇಳುತ್ತಾ ಹೇಳುತ್ತಾ ಅವರ ದನಿ ನಡುಗಿತು. ಸುಂಕದ ಪ್ರಶ್ನೆ ಯಾರಿಗೂ ನೆನಪಾಗಲಿಲ್ಲ. ವಾಪಸು ಬರುವಾಗ ಅಬ್ದಿ, ಹಂಪಯ್ಯ, ಮೌನೇಶ್ವರಿ ಇಂಗ್ಲಿಷಿನಲ್ಲಿ ಏನೇನೋ ಚರ್ಚೆ ಮಾಡುತ್ತಿದ್ದರು. ಬೀಸುವ ದೊಣ್ಣೆ ತಪ್ಪಿದ ಖುಷಿಯಲ್ಲಿ ಇವನು ಬಾಯಿ ತೆರೆದು ಗೊರಕೆ ಹೊಡೆದ.

ಸಂಜೆ ಕೇಂದ್ರದಲ್ಲಿ ಸಮಾರಂಭ. ಅತಿಥಿಗೆ ಶಾಲು ಹೊದಿಸುವ ಗೌರವ ಪರಿಣತರಿಗೇ ಬಂತು. ಹೊದಿಸಿ ಹಿಂದೆ ಸರಿಯುವಷ್ಟರಲ್ಲಿ ಅಬ್ದಿ ನಗುತ್ತಾ ಇವನ ಕೈಯನ್ನು ಶಾಲಿನ ಒಳಗೆಳೆದುಕೊಂಡರು. ಇವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಗದ್ದೆಪ್ಪನ ಕೋಟು ನೋಡುತ್ತಿದ್ದಾರೆಂದು ಇವನು ನಾಚಿಕೊಂಡ. ಆಮೇಲೆ ಅವರು ಐದೂ ಬೆರಳು ಅಮುಕಿದರು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಬಂದೇನವಾಜನ ತಲೆ ಏನನ್ನೂ ಕೇಳಲಿಲ್ಲ; ಇಪ್ಪತ್ತು ವರ್ಷ ಇಳಿಸಿ ಇಳಿಸಿ ಪಳಗಿದ ಕೈ ತಾನೇ ಉತ್ತರ ಕೊಟ್ಟಿತು. ಒಂದು. ಅತಿಥಿಗೆ ಆಶ್ಚರ್ಯವಾಯಿತು. ನಾಲ್ಕು ಹಿಡಿದರು. ಇವನು ಮತ್ತೆ ಒಂದು. ಮೂರು. ಒಂದು. ಎರಡು ಎಂದಾಗ ಇವನು ವ್ಯವಹಾರ ಮುರಿದು ಎದ್ದುಹೋಗುವವನಂತೆ ಕೈ ಸಡಿಲಿಸಿದ. ಅತಿಥಿ ಸೋತು ಒಂದಕ್ಕೆ ಬಂದರು. ಇವನು ಅಂಗೈ ಒತ್ತಿ ಮುಗಿಸಿದ. ಎಂಥ ಸ್ನೇಹ, ಹಿಡಿದ ಕೈ ಬಿಡುತ್ತಲೇ ಇಲ್ಲ ಎಂದು ಸಭೆ ಚಪ್ಪಾಳೆ ತಟ್ಟಿತು. ಬೆಳಗಿನಿಂದ ತನಗೆ ಬರುವ ಕೆಲಸ ಇದೊಂದೇ ಸಿಕ್ಕಿದ್ದು ಎಂದು ಬಂದೇನವಾಜ್ ಹಿಗ್ಗಿ ಕೂತ.

ಅಬ್ದಿ ಸಹಿ ಹಾಕಿ ಮೈಕು ಹಿಡಿದರು. ಮೌನೇಶ್ವರಿ ಅವರ ಮಾತನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು. ಎರಡೂ ಸಂಸ್ಥೆಗಳ ಸಂತೆ ಪರಿಣತನ ಹುದ್ದೆ ಬಂದೇನವಾಜರಿಗೇ ಸಲ್ಲಬೇಕೆಂದು ಕಾರಿನಲ್ಲೇ ತೀರ್ಮಾನವಾಗಿದೆ. ಐದು ವರ್ಷ, ಆಮೇಲೆ ಕಾಯಂ ಎಂದು ನಾನು ಈಗಷ್ಟೇ ಶಾಲಿನೊಳಗೆ ಅವರ ಪದ್ಧತಿಯಲ್ಲೇ ಬೆರಳು ಹಿಡಿದು ಕೇಳಿದೆ. ಈ ಸಜ್ಜನರು ಸುತರಾಂ ಒಪ್ಪಲಿಲ್ಲ. ಒಂದೇ ವರ್ಷ ಕೊಡಿ, ಕೆಲಸ ನೋಡಿ ಮುಂದಿನದು ಎಂದು ಹಟ ಹಿಡಿದರು. ಇಂಥ ನಿಸ್ಪೃಹ ಮನುಷ್ಯನ ಮಾತು ಮೀರಲು ನನಗೆ ಮನಸ್ಸಿಲ್ಲ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಪ್ಪಂದ ಗಟ್ಟಿಯಾಯಿತು, ಕೇಂದ್ರ ಉಳಿಯಿತು, ಗುಟ್ಟು ರಟ್ಟಾಗಲಿಲ್ಲ. ಹಂಪಯ್ಯನವರಿಗೆ ಹೋದ ಜೀವ ಬಂದಂತಾಗಿತ್ತು. ಆದರೂ ತಡೆಯಲಾರದೆ ಕಿವಿಯ ಹತ್ತಿರ ಬಗ್ಗಿದರು.

"ಲೇ ಬಂದೇನವಾಜಾ, ಏನ್ ಮಾಡ್ದಿ ಇದು? ಕೈಯಾಗಿನ ಐದು ವರ್ಷ ಯಾಕ ಬಿಟ್ಟಿ?"

ಬಂದೇನವಾಜ್ ಕೋಟಿನ ಗುಂಡಿ ಬಿಚ್ಚಿ ಆ ದಿನದ ಮೊದಲ ಉಸಿರು ಬಿಟ್ಟ.

"ಏನ್ ಮಾಡ್ಲಿ ಸಾಹೇಬ್ರ? ಹುಟ್ಟಿದಾಗಿಂದ ಕೊಳ್ಳೋರ ಕಡಿ ದಲಾಲಿ ಮಾಡೀನಿ. ಇವತ್ತು ಮಾರಾಕ ನಿಂತ ಎತ್ತು ನಾನ ಅಂತ ಯಾರರ ಹೇಳಬೇಕಿತ್ತಿಲ್ಲೋ?"