ಅರವತ್ತು ಮಸಾಲೆ ದೋಸೆಗಳ ಪರೀಕ್ಷೆ

ಹೊಣೆಗಾರಿಕೆಯೇ ಇಲ್ಲದ ಈ ದೇಶದಲ್ಲಿ ಹೊಣೆಯರಿತ ಒಂದು ಪ್ರೋಗ್ರಾಮನ್ನಾದರೂ ಬರೆಯುವೆನೆಂದು ನಾನು ಶಪಥ ಮಾಡಿದಾಗ ನನಗೆ ಇಪ್ಪತ್ನಾಲ್ಕು ವರ್ಷ. ಕೈಯಲ್ಲಿ ಎಂ.ಎಸ್ಸಿ. ಪದವಿ, ಡೊಂಬಿವಲಿಯ ಮನೆಯಲ್ಲಿ ಹಳೆಯ ಕಂಪ್ಯೂಟರ್, ವಾಶಿ ಸ್ಟೇಷನ್ನಿನ ಬಳಿ ಸೋದರಮಾವನ ಹೋಟೆಲು. ಕ್ರಾಂತಿಗೆ ಇನ್ನೇನು ಬೇಕು?

ಆ ಹೋಟೆಲಿನಲ್ಲಿ ಸಪ್ಲೈಯರ್ ಕೂಗುತ್ತಿದ್ದ. ಅಡುಗೆಮನೆಗೆ ಅರ್ಧ ಕೇಳಿಸುತ್ತಿತ್ತು. ಉಪ್ಪಿಟ್ಟು ಬೇಡಿದವರ ಮುಂದೆ ಇಡ್ಲಿ ಪ್ರತ್ಯಕ್ಷವಾಗುತ್ತಿತ್ತು. ತಪ್ಪು ಯಾರದೆಂದು ಕೇಳಿದರೆ ಯಾರದೂ ಅಲ್ಲ! ಈ ಅರಾಜಕತೆಯನ್ನು ಕೊನೆಗಾಣಿಸಲು, ಕೌಂಟರಿನಲ್ಲಿ ಒತ್ತಿದ ಆರ್ಡರು ಅಡುಗೆಮನೆಯ ಪ್ರಿಂಟರಿನಿಂದ ಚೀಟಿಯಾಗಿ ಬೀಳುವಂಥ ಪ್ರೋಗ್ರಾಂ ಬರೆದು, ಮನೆಯ ಕಂಪ್ಯೂಟರನ್ನೇ ಹೋಟೆಲಿಗೆ ಹೊತ್ತು ತಂದೆ. ಮಾವ ಒಂದು ವಾರದ ಗಡುವು ಕೊಟ್ಟರು.

“ಶನಿವಾರದೊಳಗೆ ಒಂದೇ ಒಂದು ಚೀಟಿ ತಪ್ಪಿದ್ರೂ ಈ ಡಬ್ಬ ವಾಪಸ್ ಡೊಂಬಿವಲಿಗೆ. ಆಯ್ತಾ ಮಗಾ?”

ತಪ್ಪುವುದೇ? ನನ್ನದೇ? ಪ್ರೋಗ್ರಾಮಿನ ಪ್ರತಿಯೊಂದು ಭಾಗಕ್ಕೂ, ಸುಳ್ಳು ಆರ್ಡರು ಹಾಕಿ ಪರೀಕ್ಷಿಸುವ ಒಂದೊಂದು ಟೆಸ್ಟ್ ಸ್ಕ್ರಿಪ್ಟನ್ನು ಮನೆಯಲ್ಲೇ ಬರೆದು, ಅವುಗಳಿಗೊಂದು ನಿಯಮಾವಳಿಯನ್ನೂ ರಚಿಸಿದ್ದೆ. ಸ್ಕ್ರಿಪ್ಟಿನ ಹೆಸರಿನಲ್ಲಿ ಆ ಭಾಗದ ಹೆಸರಿರತಕ್ಕದ್ದು. ನಿರೀಕ್ಷಿತ ಫಲಿತಾಂಶವನ್ನು ಮೊದಲೇ ಬರೆದಿಡತಕ್ಕದ್ದು. ಪರೀಕ್ಷೆಯ ಪ್ರತಿ ಆರ್ಡರಿನ ಮೇಲೂ ಬರೆದವರ ಹೆಸರಿರತಕ್ಕದ್ದು. ಪರೀಕ್ಷೆ ಮುಗಿದೊಡನೆ ಅದರ ಕುರುಹುಗಳನ್ನೆಲ್ಲ ಅಳಿಸತಕ್ಕದ್ದು. ಮತ್ತು, ದಪ್ಪಕ್ಷರದಲ್ಲಿ: ಪರೀಕ್ಷೆಯನ್ನು ನಿಜವಾದ ಅಡುಗೆಮನೆಯಿಂದ ದೂರವಿಡತಕ್ಕದ್ದು!

ಇದನ್ನು ಅಡುಗೆಮನೆಯ ಗೋಡೆಗೇ ಅಂಟಿಸಹೋದೆ. ನನ್ನನ್ನು ಲಂಗ ತೊಟ್ಟ ಕಾಲದಿಂದ ಬಲ್ಲ ಅಡುಗೆಯ ಭಟ್ಟರು ಕಣ್ಣು ಕಿರಿದು ಮಾಡಿ ನೋಡಿದರು.

“ಇದ್ರಲ್ಲಿ ಅಡಿಗೆ ವಿಷಯ ಎಂತದಾದ್ರೂ ಉಂಟಾ?”

“ಇಲ್ಲ ಭಟ್ರೇ.”

“ಹಾಗಾದ್ರೆ ಬೇರೆ ಗೋಡೆ ನೋಡು. ಇಲ್ಲಿ ಒಗ್ಗರಣೆ ಹಾರ್ತದೆ.”

ಶನಿವಾರ ಮಧ್ಯಾಹ್ನ ಮೂರೂವರೆ. ಹೋಟೆಲು ಖಾಲಿ. ಉಳಿದದ್ದು ಕೊನೆಯ ಸ್ಕ್ರಿಪ್ಟ್, ಜನಜಂಗುಳಿಯ ಪರೀಕ್ಷೆ: ಹದಿನೈದು ಟೇಬಲುಗಳಿಂದ ಒಂದೇ ನಿಮಿಷದಲ್ಲಿ ಅರವತ್ತು ಮಸಾಲೆ ದೋಸೆ. ಮನೆಯಲ್ಲಿ ಇದು ಹತ್ತು ಸಲ ನಿರಪಾಯವಾಗಿ ಓಡಿತ್ತು. ಏಕೆಂದರೆ ಮನೆಯಲ್ಲಿ ಪ್ರಿಂಟರ್ ಇರಲಿಲ್ಲ. ಹೋಟೆಲಿನಲ್ಲಿ ಇತ್ತು!

ಪರದೆಯ ಮೇಲೆ “ಪಾಸ್”, “ಪಾಸ್” ಎಂಬ ಸಾಲುಗಳು ಏರತೊಡಗಿದವು. ಅರವತ್ತಕ್ಕೆ ಅರವತ್ತು. ನಾನು ಚಹಾ ಹಿಡಿದು ಮಾವನಿಗೆ ಹೊಣೆಗಾರಿಕೆಯ ಕುರಿತು ಸುದೀರ್ಘ ಉಪನ್ಯಾಸ ನೀಡಿದೆ. ಉಪನ್ಯಾಸದ ನಡುವೆ ತುಪ್ಪದ ಪರಿಮಳ ಬಂತು. ಅದರ ಹಿಂದೆ ಕಲಬುರಗಿಯ ಸಪ್ಲೈಯರ್ ಮಲ್ಲಪ್ಪ, ಎರಡೂ ಕೈಯಲ್ಲಿ ತಟ್ಟೆಗಳು.

“ಯಕ್ಕಾ, ಹನ್ನೊಂದ್ನೇ ಟೇಬಲ್ಲಿಗಿ ನಾಕ್ ಮಸಾಲಿ ದ್ವಾಸಿ ಅಂತ. ಅಲ್ಲಿ ಕುಂತವ್ರ ಯಾರ್ರಿ? ಮಂದೀನೇ ಇಲ್ಲಲ್ಲ!”

ನಾನು ಕಂಪ್ಯೂಟರಿನತ್ತ ಧಾವಿಸಿದೆ. ಕುರುಹುಗಳನ್ನು ಅಳಿಸುವ ನಿಯಮ ಅಕ್ಷರಶಃ ಪಾಲನೆಯಾಗಿತ್ತು. ಕಂಪ್ಯೂಟರಿನ ಪ್ರಕಾರ ಒಂದೂ ದೋಸೆಯಿಲ್ಲ. ಕಾವಲಿಯ ಪ್ರಕಾರ ನಲವತ್ತೊಂದು!

ಭಟ್ಟರು ಚೀಟಿಗಳ ಕಟ್ಟು ಹಿಡಿದು ಹೊರಬಂದರು. “ಎಲ್ಲಾದ್ರಲ್ಲೂ ನಿನ್ನ ಹೆಸರೇ ಉಂಟು. ಎಂತ ಹಸಿವು ಮಾರಾಯ್ತಿ ನಿಂಗೆ!”

“ಕೇಳಬಾರದಿತ್ತಾ ಭಟ್ರೇ?”

“ಅಡಿಗೆಮನೆಯಿಂದ ಬೊಬ್ಬೆ ಹಾಕ್ಬಾರ್ದು, ಚೀಟಿ ಬಂದ್ರೆ ಮಾಡ್ಬೇಕು ಅಂತ ಹೇಳಿದ್ದು ಯಾರು?”

ನಾನೇ.

“ಹಿಟ್ಟು?” ಎಂದರು ಮಾವ.

“ಖಾಲಿ.”

ಸಂಜೆಯ ಜನ ಬರುವ ಹೊತ್ತು. ಆ ಹೋಟೆಲಿನ ಇತಿಹಾಸದಲ್ಲೇ ಮೊದಲ ಬಾರಿಗೆ ‘ಇಂದು ದೋಸೆ ಇಲ್ಲ’ ಎಂಬ ಬೋರ್ಡು ತೂಗಿತು. ಮಲ್ಲಪ್ಪ ದೋಸೆಗಳನ್ನು ದೊಡ್ಡ ಪಾತ್ರೆಗೆ ತುಂಬಿ, ಸಗಟು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ತನ್ನ ಊರಿನವರಿಗೆ ಹಂಚಲು ಹೊರಟ. ಮಾವ ಚೀಟಿಗಳನ್ನು ಒಂದೊಂದಾಗಿ, ನಾನು ಮೊದಲೇ ಬರೆದಿಟ್ಟಿದ್ದ ನಿರೀಕ್ಷಿತ ಫಲಿತಾಂಶದ ಪಟ್ಟಿಗೆ ತಾಳೆ ಹಾಕುತ್ತ ಕುಳಿತರು. ಡಬ್ಬವನ್ನು ಹೊತ್ತು ಲೋಕಲ್ ರೈಲು ಹತ್ತುವುದು ಹೇಗೆಂದು ನಾನು ಯೋಚಿಸತೊಡಗಿದೆ.

“ಅರವತ್ತು ಚೀಟಿ. ಒಂದೂ ತಪ್ಪಿಲ್ಲ,” ಮಾವ ತಲೆಯೆತ್ತಿದರು. “ಬೊಬ್ಬೆ ಇಲ್ದೆ ಇಷ್ಟು ದೋಸೆ ಇಲ್ಲಿ ಯಾವತ್ತೂ ಆಗಿರ್ಲಿಲ್ಲ. ಡಬ್ಬ ಇಲ್ಲೇ ಇರ್ಲಿ!”

ಗೆದ್ದೆ! ಕುರ್ಚಿಯಿಂದ ಎದ್ದು ನಿಂತು ಗೆದ್ದೆ!

“ಒಂದು ನಿಮಿಷ,” ಎಂದರು ಭಟ್ಟರು. “ನಲವತ್ತೊಂದಕ್ಕೇ ಹಿಟ್ಟು ಮುಗಿದದ್ದು. ಮತ್ತೆ ಇದು ಹತ್ತೊಂಬತ್ತು ಆರ್ಡರ್ ತಕೊಂಡದ್ದು ಹೇಗೆ? ಹಿಟ್ಟು ಎಷ್ಟುಂಟು ಅಂತ ಇದಕ್ಕೆ ಗೊತ್ತುಂಟಾ?”

ಗೊತ್ತಿರಲಿಲ್ಲ. ನನ್ನ ಯಾವ ಸ್ಕ್ರಿಪ್ಟೂ ಅದನ್ನು ಕೇಳಿರಲೇ ಇಲ್ಲ. ಆ ಹತ್ತೊಂಬತ್ತು ಅಸಾಧ್ಯ ದೋಸೆಗಳಿಗೂ ನಾನು “ಪಾಸ್” ಕೊಟ್ಟಿದ್ದೆ! ಅಂದಿನಿಂದ, ಭಟ್ಟರು ಪರೀಕ್ಷಿಸಿ ಒಪ್ಪದ ಹೊರತು ಪ್ರೋಗ್ರಾಮಿನ ಒಂದಕ್ಷರವನ್ನೂ ಬದಲಿಸಕೂಡದೆಂದು ಮಾವನ ಅಪ್ಪಣೆಯಾಯಿತು.

ಇಂದು ಕೋಪರಖೈರಣೆಯಿಂದ ಕಲ್ಯಾಣದವರೆಗೆ ಹಲವು ಹೋಟೆಲುಗಳಲ್ಲಿ ನನ್ನ ಪ್ರೋಗ್ರಾಂ ವಿಜೃಂಭಿಸುತ್ತಿದೆ. ಪ್ರತಿಯೊಬ್ಬ ಮಾಲೀಕರ ಮೊದಲ ಪ್ರಶ್ನೆ ಒಂದೇ: “ಟೆಸ್ಟ್ ಮಾಡಿದ್ದು ಯಾರು?” ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಶಾಲೆ ಕಲಿತ ಅಡುಗೆ ಭಟ್ಟರು ಎಂದರೆ, “ಹಾಗಾದ್ರೆ ನಾಳೆಯೇ ಹಾಕಿ” ಎನ್ನುತ್ತಾರೆ.

ಒಂದೇ ಒಂದು ಕಡೆ, ಎಂ.ಎಸ್ಸಿ. ಮಾಡಿದ ನಾನೇ ಎಂದಿದ್ದೆ. ಬಹಳ ಗೌರವದಿಂದ ಕಾಫಿ ಕುಡಿಸಿ ಕಳುಹಿಸಿದರು.